ಕ್ಯಾಸೆಟ್ಟು ತಿರುವಿ ಹಾಕುವಷ್ಟು ಹೊತ್ತು

ಸಾತ್ರೆಮಾಳದ ಧಾಲೋ ಹಬ್ಬದ ಇತಿಹಾಸ ಬೇಕು ಅಂತ
ಮೂವರು ಹುಡುಗಿಯರು ಅಂಗಡಿಗೆ ಬಂದರು.
ನನ್ನ ಹತ್ತಿರ ಇರುವುದು ಮೈಕ್‌ಸೆಟ್ಟಿನ ರಶೀದಿ ಪುಸ್ತಕ,
ನೇರಳೆ ಕಾರ್ಬನ್ನು, ಗೆದ್ದಲು ತಿಂದ ಮೂಲೆ.

ಎಂಬತ್ತೇಳು, ಪುಷ್ಯ. ಹಾರ್ನ್ ಎರಡು, ಮೈಕು ಒಂದು,
ಲಾರಿ ಬ್ಯಾಟರಿಯ ಬಾಡಿಗೆ ಬೇರೆ.
ಚೋರ್ಲಾ ಘಾಟು ಇಳಿದು ವಾಳಪಯಿಯಲ್ಲಿ
ಅಂಗಡಿ ಹಾಕಿ ಆಗ ಎಂಟೇ ತಿಂಗಳು.
ಬೈಲಹೊಂಗಲದವ ನಾನು, ಇಲ್ಲಿಯವರಿಗೆ ಘಾಂಟಿ.
ಘಟ್ಟದ ಮೇಲಿನವ ಅಂತ ಅರ್ಥ, ಬೈಗುಳವೂ ಹೌದು.
ಹಾಗೆ ಮೊದಲು ಕರೆದವರು
ಘಟ್ಟದ ಅರ್ಧಕ್ಕೆ ಉಣ್ಣಿಯಂತೆ ಕಚ್ಚಿಕೊಂಡ ಊರಿನವರು.

ಮಾಂಡ ಅಂದರೆ ಹಾಡುವ ಅಂಗಳ. ಏಳು ರಾತ್ರಿ
ಅಲ್ಲಿ ಗಂಡಸು ಕಾಲಿಡುವಂತಿಲ್ಲ.
ದ್ರೌಪದಿ ಗಾವಸ್ ಹಲಸಿನ ಮರ ತೋರಿಸಿ ಹೇಳಿದ್ದರು:
ಅದರಾಚೆ ಕೂರು. ಬೆನ್ನು ನಮಗೆ, ಮುಖ ಕಾಡಿಗೆ.
ಹಾಗೇ ಕೂತೆ.
ಎದುರುಬದುರು ಎರಡು ಸಾಲಂತೆ,
ಒಂದು ಬಾಗಿದರೆ ಒಂದು ಏಳುತ್ತದಂತೆ.
ಬಳೆ ಹೇಳಿದ್ದು, ಸಗಣಿ ಸಾರಿಸಿದ ನೆಲಕ್ಕೆ
ತಾಗುವ ಬರಿಗಾಲು ಹೇಳಿದ್ದು. ನಾನು ಕಂಡಿದ್ದಲ್ಲ.

ತೊಂಬತ್ತೊಂದು: ಹಾರ್ನ್ ನಾಲ್ಕು. ಗಣಿ ಲಾರಿಗಳು ಬಂದವು.
ತೊಂಬತ್ತೆಂಟು: ಕೀರಲು ಜಾಸ್ತಿ ಅಂತ ಐವತ್ತು ಕಡಿತ.
ಯಾವ ವರ್ಷವೋ, ಪುಟ ಹರಿದಿದೆ, ಶಿಗ್ಮೋದ ಘುಮಟಕ್ಕೆ
ಉಡದ ಚರ್ಮ ಹೋಗಿ ಆಡಿನದು ಬಂತು.
ದನಿ ದಪ್ಪವಾಯಿತು. ಟ್ರೆಬಲ್ ಎರಡು ಗೆರೆ ಏರಿಸಿದೆ.
ಎರಡು ಸಾವಿರದ ಆರು: ಬ್ಯಾನರು, ಹಾರ, ಪಣಜಿಗೆ ಬಸ್ಸು,
ಏಳು ರಾತ್ರಿಯದ್ದನ್ನು ಹನ್ನೆರಡು ನಿಮಿಷದಲ್ಲಿ ಮುಗಿಸಿ
ಅಂದ ಅಧಿಕಾರಿ. ದಾರಿಯಲ್ಲಿ ಇಬ್ಬರಿಗೆ ವಾಂತಿ.
ಅಲ್ಲಿ, ವೇದಿಕೆಯ ಮೇಲೆ, ನಾನೂ ನೋಡಬಹುದಿತ್ತು.
ನೋಡಲಿಲ್ಲ. ಅಭ್ಯಾಸ.
ಗಣಿ ನಿಂತ ವರ್ಷ: ಪಾವತಿ, ಹುರುಳಿ, ಎರಡು ಪಾಯಲಿ.
ದ್ರೌಪದಿ ತೀರಿದ ವರ್ಷ: ರಶೀದಿ ಇಲ್ಲ.

ಹುಡುಗಿಯರಿಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ.
ಕಡೆಯ ರಾತ್ರಿಯ ಒಂದು ನುಡಿ. ಆಕೆಯೊಬ್ಬಳೇ ಹಾಡುತ್ತಿದ್ದದ್ದು.
ಆಮೇಲೆ ಯಾರ ಬಾಯಲ್ಲೂ ಇಲ್ಲ.
ಆಗ ಒಪ್ಪಿಕೊಂಡೆ: ತೊಂಬತ್ನಾಲ್ಕರಲ್ಲಿ
ಮರದ ಹಿಂದೆ ಕೂತು ಕದ್ದು ರೆಕಾರ್ಡ್ ಮಾಡಿದ್ದೇನೆ.
ಬಯ್ಯುತ್ತಾರೆ ಅಂದುಕೊಂಡೆ. ಸ್ಟೂಲು ಎಳೆದು ಕೂತರು.

ಜೀರುಂಡೆ. ನನ್ನ ಕೆಮ್ಮು. ಆಮೇಲೆ ಆ ದನಿ,
ಒಣಗಿದ ಸೋರೆಬುರುಡೆಯೊಳಗಿಂದ ಬಂದಂತೆ.
ಪ್ರಣಾಲಿ ಎಂಬವಳು ಬರೆದುಕೊಳ್ಳುತ್ತಿದ್ದಳು.
ಇನ್ನೇನು ಆ ನುಡಿ ಬಂತು ಅನ್ನುವಾಗ
ಟಕ್. ಎ ಸೈಡ್ ಮುಗಿಯಿತು.
ಬಿ ಸೈಡಿನಲ್ಲಿ ಮುಂದಿನ ನುಡಿಯ ಬಾಲ.

ಆ ನಡುವೆ ನಾನು ಕತ್ತಲಲ್ಲಿ ಕ್ಯಾಸೆಟ್ಟು ಹಿಡಿದು
ಬಾಗಿಲು ಸಿಗದೆ ತಡಕಾಡುತ್ತಿದ್ದೆ.
ಕೈಗೆ ಕೆಲಸವಿತ್ತು. ಕಿವಿಗೆ ಇರಲಿಲ್ಲ.

ಶಟರ್ ಅರ್ಧ ಎಳೆದು ಹಾಡಿದೆ.
ಅರವತ್ತೆಂಟರ ಗಂಟಲು, ಅರ್ಥ ತಿಳಿಯದ ಕೊಂಕಣಿ.
ಎರಡು ಸಲ ಹಾಡಿಸಿದರು. ಮೂರನೆಯ ಸಲ
ಪ್ರಣಾಲಿ ಪೆನ್ನು ನಿಲ್ಲಿಸಿ ಅಂದಳು:
ಅಂಕಲ್, ಅದು ಭಾಳ ಅಲ್ಲ, ವ್ಹಾಳ. ಹಳ್ಳ.
ಗುಡ್ಡದ ಹಳ್ಳವೇ, ನಿಲ್ಲು, ಅಂತ ಇರಬೇಕು.
ನಾನು ಮೂವತ್ತು ವರ್ಷ ಅದನ್ನು ನಮ್ಮ ಕಡೆಯ ಭಾಳ ಅಂತಲೇ
ಕೇಳಿಕೊಂಡು ಬಂದಿದ್ದೆ. ಭಾಳ, ಭಾಳ, ನಿಲ್ಲು, ಅಂತ.
ಇನ್ನೊಬ್ಬಳು ಅಂದಳು: ಅಜ್ಜಿ ಹೇಗೆ ಹಾಡಿದ್ದಳೋ ಯಾರು ಕಂಡರು,
ಕೇಳಿದವನು ಇವನೊಬ್ಬನೇ.
ಬಸ್ ಸ್ಟ್ಯಾಂಡಿನವರೆಗೂ ಅವರ ಜಗಳ ಕೇಳಿಸಿತು.

ಈ ಪುಷ್ಯದಲ್ಲಿ ಹಲಸಿನ ಮರ ಇರಲಿಲ್ಲ.
ಮಳೆಗಾಲದಲ್ಲಿ ಗುಡ್ಡ ಜಾರಿದಾಗ ಹೋಯಿತಂತೆ.
ಬುಡ್ಡೆಯ ಮೇಲೆ ಕೂತೆ, ಮುಖ ಕಾಡಿಗೆ.
ಏಳನೆಯ ರಾತ್ರಿ ಆ ನುಡಿ ಬಂತು.
ಒಂದು ಸಾಲು ವ್ಹಾಳ ಅಂದಿತು.
ಎದುರಿನ ಸಾಲು, ಬೇಕಂತಲೇ, ಭಾಳ.
ಬಳೆ ತಪ್ಪಿದವು, ಯಾರೋ ನಕ್ಕರು, ಮತ್ತೆ ಹಿಡಿದರು.

ತಿರುಗಿ ನೋಡಬೇಕು ಅನ್ನಿಸಿದ್ದು ಅದೊಂದೇ ಸಲ.
ಹಾರ್ನ್ ಕೀರುತ್ತಿತ್ತು.
ಟ್ರೆಬಲ್ ಒಂದು ಗೆರೆ ಇಳಿಸಿದೆ.